ಗ್ರಂಥಾಲಯಕ್ಕೆ ಬಂದ ಮೇಯರ್ ಬಾಲ್ಕನಿ

ಎಲ್ಲಕ್ಕೂ ಮೂಲ ಒಂದು ಜೊತೆ ಬೆಡ್‌ಶೀಟು.

ಕಟ್ಟಡಗಳ ನಕ್ಷೆ ಬರೆಯುವ ಆ ಪುಟ್ಟ ಕಚೇರಿಗೆ ಎರಡು ದೊಡ್ಡ ಕೆಲಸಗಳು ಕೈಗೆಟುಕುವಷ್ಟು ಹತ್ತಿರ ಬಂದಿದ್ದವು: ವಿಶ್ವವಿದ್ಯಾಲಯಕ್ಕೊಂದು ಗ್ರಂಥಾಲಯ, ಪಾಲಿಕೆಗೊಂದು ಹೊಸ ಭವನ. ಎರಡರ ರಟ್ಟಿನ ಮಾದರಿಗಳೂ ಅಂದೇ ಬೆಳಿಗ್ಗೆ ಎರಡು ಕಡೆಗೆ ಹೋಗಬೇಕಿತ್ತು. ದಾರಿಯ ಧೂಳು ಕೂರದಿರಲೆಂದು ಮೆಟ್ಟಿಲಪ್ಪ ಮನೆಯಿಂದ ಬೆಡ್‌ಶೀಟು ತಂದು ಎರಡಕ್ಕೂ ಮುಸುಕು ಹೊದಿಸಿದ್ದ. ಒಂದು ನೀಲಿ, ಒಂದು ಹಸಿರು ಒಯ್ಯಿರಿ ಎಂದು ಹೆಂಡತಿ ಹೇಳಿದ್ದಳು. ನೋಡಲು ಚೆಂದವೆಂದು ಇವನೇ ಎರಡೂ ನೀಲಿ ಆರಿಸಿದ್ದ.

ಮೆಟ್ಟಿಲಪ್ಪ ಎಂಬುದು ಅವನ ಹೆಸರಲ್ಲ. ಸೇರಿದ ದಿನದಿಂದ ಕಚೇರಿಯ ಯಜಮಾನಿ, ಅಂದರೆ ಮೇಡಂ, ಅವನಿಗೆ ಮೆಟ್ಟಿಲು ಬಿಟ್ಟು ಬೇರೇನೂ ಬರೆಯಲು ಕೊಟ್ಟಿರಲಿಲ್ಲ. ಗೋಡೆ, ಕಿಟಕಿ, ಕೊಠಡಿಗಳೆಲ್ಲ ಮೇಡಂ ಅಳಿಯನ ಪಾಲು. ಅಂದು ಇನ್ನೊಂದು ಕಡೆ ತಾರಸಿಗೆ ಕಾಂಕ್ರೀಟು ಹಾಕುವುದಿತ್ತು; ಮೇಡಂ ಅಲ್ಲಿಗೆ ಹೊರಟರು. ಅಳಿಯ ಪಾಲಿಕೆಗೆ, ಮೆಟ್ಟಿಲಪ್ಪ ವಿಶ್ವವಿದ್ಯಾಲಯಕ್ಕೆ ಎಂದಾಯಿತು. "ಇದೊಂದು ಗೆದ್ದುಕೊಂಡು ಬಾ, ಮುಂದೆ ಇಡೀ ಕಟ್ಟಡವನ್ನೇ ನಿನ್ನ ಕೈಗೆ ಕೊಡ್ತೀನಿ" ಎಂದು ಮೇಡಂ ಹೇಳಿದ್ದು ಅವನ ಕಿವಿಯಲ್ಲಿ ದಾರಿಯುದ್ದಕ್ಕೂ ಗುಂಯ್‌ಗುಡುತ್ತಿತ್ತು.

ಕುಲಪತಿಗಳು, ಗ್ರಂಥಪಾಲಕಿ, ಮೂರ್ನಾಲ್ಕು ಪ್ರಾಧ್ಯಾಪಕರು ಮೇಜಿನ ಸುತ್ತ ನೆರೆದರು. ಮೆಟ್ಟಿಲಪ್ಪ ಮುಸುಕು ಎತ್ತಿದ. ಒಳಗೆ ಕೂತಿದ್ದುದು ಪಾಲಿಕೆ ಭವನ.

ತಂತಿ ಕಡಿದ ಲಿಫ್ಟಿನಂತೆ ಅವನ ಎದೆ ನೆಲಮಾಳಿಗೆಗೆ ಇಳಿಯಿತು. "ಸಾರ್, ಒಂದು ಸಣ್ಣ..." ಎಂದು ಬಾಯಿ ತೆರೆದ.

ಕುಲಪತಿಗಳು ಕೈಯೆತ್ತಿ ತಡೆದರು. "ಮೊದಲು ನೋಡೋಣ. ಒಳ್ಳೆ ಕಟ್ಟಡ ಆದ್ರೆ ಅದೇ ಮಾತಾಡುತ್ತೆ."

ಅದು ಮಾತಾಡಿಯೇಬಿಟ್ಟಿತು. ತೆರಿಗೆ ಕಟ್ಟುವ ಕಿಟಕಿಗಳ ಸಾಲು ಕಂಡದ್ದೇ ಗ್ರಂಥಪಾಲಕಿಯ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷ ಒಂದೇ ಒಂದು ಕಿಂಡಿಯಲ್ಲಿ ಪುಸ್ತಕ ಕೊಟ್ಟು ಅವರ ಬೆನ್ನು ಬಾಗಿತ್ತಂತೆ. ತಮ್ಮ ಕಷ್ಟ ಅರಿತವರು ಕೊನೆಗೂ ಒಬ್ಬರು ಸಿಕ್ಕಿದರಂತೆ. ಪಾಲಿಕೆ ಸದಸ್ಯರು ಜಗಳವಾಡಲಿಕ್ಕೆಂದು ಮಾಡಿದ ದುಂಡು ಸಭಾಂಗಣವನ್ನು ನೋಡಿ, ವಿಚಾರ ಸಂಕಿರಣಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದು ಚರಿತ್ರೆಯ ಪ್ರಾಧ್ಯಾಪಕರು ತಲೆದೂಗಿದರು. ಇಷ್ಟೆಲ್ಲ ಸಂತೋಷದ ನಡುವೆ ನಿಜ ಹೇಳುವುದೆಂದರೆ ತೊಟ್ಟಿಲು ತೂಗುವ ಮನೆಯಲ್ಲಿ ತಮಟೆ ಬಾರಿಸಿದ ಹಾಗೆ. ಮೆಟ್ಟಿಲಪ್ಪ ನೀಲಿ ಮುಸುಕನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ.

ಕುಲಪತಿಗಳ ಬೆರಳು ಮುಂಭಾಗದ ಬಾಲ್ಕನಿಯ ಮೇಲೆ ನಿಂತಿತು. "ಇದು ಯಾತಕ್ಕಪ್ಪ?"

"ಜನರಿಗೆ ಕೈ ಬೀಸೋಕೆ, ಸಾರ್" ಎಂದು ಅವನು ಇದ್ದದ್ದನ್ನೇ ಹೇಳಿದ.

"ಯಾರು ಬೀಸೋದು?"

"ತಾವೇ, ಸಾರ್."

ಮೇಜಿನ ಮೇಲಿನ ಚಹಾ ಆರುವ ಮೊದಲೇ ಒಪ್ಪಿಗೆ ಸಿಕ್ಕಿತು.

ಹೊರಗೆ ಬಂದು ಅಳಿಯನಿಗೆ ಫೋನು ಮಾಡಿದರೆ ಅಲ್ಲೂ ಅದೇ ಕತೆ. ಈ ಭಾಗದಲ್ಲಿ ಯಾರೂ ಸದ್ದು ಮಾಡುವಂತಿಲ್ಲ ಎಂದು ಅಳಿಯ ಬಾಯಿತಪ್ಪಿ ಓದುವ ಕೋಣೆಯನ್ನು ತೋರಿಸಿದ್ದನಂತೆ. ಸದಸ್ಯರ ಕೂಗಾಟದಲ್ಲಿ ಬೆಂದು ಹೋಗಿದ್ದ ಮೇಯರ್ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ.

ಮಧ್ಯಾಹ್ನ ಮೇಡಂ ಸಿಮೆಂಟು ಮೆತ್ತಿದ ಚಪ್ಪಲಿಯಲ್ಲೇ ನಿಂತು ಎಲ್ಲ ಕೇಳಿದರು. ಬೈಯಲಿಲ್ಲ. "ಎರಡೂ ಕೆಲಸ ಸಿಕ್ತಲ್ಲ, ಸುಮ್ಮನಿರಿ. ಹೊರಗಿನದು ಹಾಗೇ ಇರಲಿ, ಒಳಗಿನದನ್ನ ಬದಲಾಯಿಸಿ ಸಂಜೆಯೊಳಗೆ ಕಳಿಸೋಣ. ಮೆಟ್ಟಿಲಪ್ಪ, ಎರಡನ್ನೂ ನೀನೇ ಮಾಡು" ಎಂದರು.

ಅವನಿಗೆ ಹೊಟ್ಟೆ ಹಸಿವು ಮರೆತುಹೋಯಿತು. ಜೀವಮಾನದಲ್ಲೇ ಮೊದಲ ಸಲ ಗೋಡೆ ಒಡೆದ, ಗೋಡೆ ಎಬ್ಬಿಸಿದ. ಮೇಯರ್ ಕೋಣೆಯಲ್ಲಿ ಹಳೆಯ ಹಸ್ತಪ್ರತಿಗಳನ್ನು ಕೂರಿಸಿದ. ಪುಸ್ತಕದ ಕಪಾಟುಗಳಿದ್ದಲ್ಲಿ ನೀರು ಸರಬರಾಜು ವಿಭಾಗವನ್ನು ತಂದಿಟ್ಟ. ಅಳಿಯ ಹಿಂದೆ ನಿಂತು ಏನೇನೋ ಸಲಹೆ ಕೊಟ್ಟ. ಮೆಟ್ಟಿಲಪ್ಪ ದೊಡ್ಡ ಮನುಷ್ಯರಂತೆ ಹ್ಞೂಂ ಹ್ಞೂಂ ಎಂದ, ಒಂದನ್ನೂ ಕೇಳಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಎರಡೂ ಮುಗಿದವು. ಹಳೆಯದು, ಹೊಸದು ಬೆರೆತು ಮತ್ತೊಮ್ಮೆ ಗೊಂದಲವಾಗಬಾರದೆಂದು, ಹಳೆಯ ನಕ್ಷೆಗಳನ್ನೆಲ್ಲ ಕಂಪ್ಯೂಟರಿನಿಂದ ಗುರುತೂ ಉಳಿಯದಂತೆ ಅಳಿಸಿದ. ಕಾಗದದ ಪ್ರತಿಗಳನ್ನು ಚೂರುಚೂರು ಮಾಡಿ ಕಸದ ಗಾಡಿಗೆ ತಾನೇ ಹೋಗಿ ಹಾಕಿ ಬಂದ. ಇಂಥ ಎಚ್ಚರ ಬೆಳಿಗ್ಗೆಯೇ ಇದ್ದಿದ್ದರೆ ಎಂದುಕೊಂಡು ಸಮಾಧಾನದ ಉಸಿರು ಬಿಟ್ಟ.

ಅಷ್ಟರಲ್ಲಿ ಮೇಡಂ ಒಳಕೋಣೆಯಿಂದ ನಗುತ್ತ ಬಂದರು. ಆ ಮುಖದಲ್ಲಿ ಅಂಥ ನಗೆಯನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಕುಲಪತಿಗಳೂ ಮೇಯರ್ರೂ ಯಾವುದೋ ಸಮಾರಂಭದಲ್ಲಿ ಅಕ್ಕಪಕ್ಕ ಕೂತು, ಮೊಬೈಲಿನಲ್ಲಿ ತಂತಮ್ಮ ಕಟ್ಟಡದ ಚಿತ್ರ ತೋರಿಸಿಕೊಂಡಿದ್ದರಂತೆ. ಅದನ್ನು ಕಂಡು ಇವರಿಗೆ ಹೊಟ್ಟೆ ಉರಿ, ಇದನ್ನು ಕಂಡು ಅವರಿಗೆ. ಅವರಿಗೆ ಕೊಟ್ಟದ್ದೇ ನಮಗೆ ಬೇಕು ಎಂದು ಇಬ್ಬರೂ ಬೇರೆಬೇರೆಯಾಗಿ ಫೋನು ಮಾಡಿ ಪಟ್ಟು ಹಿಡಿದಿದ್ದರು.

"ನಮ್ಮ ಅದೃಷ್ಟ ನೋಡು, ಎಲ್ಲ ಮೊದಲಿದ್ದ ಹಾಗೇ ಆಯ್ತು" ಎಂದು ಮೇಡಂ ಅವನ ಪಕ್ಕಕ್ಕೇ ಕುರ್ಚಿ ಎಳೆದು ಕೂತರು. "ಹಳೇ ನಕ್ಷೆಗಳನ್ನೇ ಕಳಿಸಿಬಿಡು. ಇಬ್ಬರೂ ಕಾಯ್ತಿದ್ದಾರೆ. ಕಳಿಸಿದ ಮೇಲೇ ನಾನು ಮನೆಗೆ ಹೋಗೋದು."

ಮೆಟ್ಟಿಲಪ್ಪ ಕಿಟಕಿಯಾಚೆ ನೋಡಿದ. ಕಸದ ಗಾಡಿ ಬೀದಿಯ ತಿರುವು ದಾಟುತ್ತಿತ್ತು. ಅವನು ಪರದೆಯನ್ನು ಮೆಲ್ಲಗೆ ತನ್ನತ್ತ ತಿರುಗಿಸಿಕೊಂಡು, ಖಾಲಿ ಹಾಳೆಯೊಂದನ್ನು ತೆರೆದ.

"ಏನು ಮಾಡ್ತಿದ್ದೀಯ?" ಎಂದು ಮೇಡಂ ಕೇಳಿದರು.

"ಹಳೇದನ್ನ ಕಳಿಸ್ತಿದ್ದೀನಿ, ಮೇಡಂ" ಎಂದು ಹೇಳಿ, ಮೊದಲನೆಯ ಗೋಡೆಯ ಗೆರೆ ಎಳೆದ.