ಭಾವನ ಆರ್ಕಿಡ್ ಬೇಟೆ

ನಮ್ಮ ಭಾವನ ಕಾರು ಹತ್ತಿದವರು ಸೀಟ್ ಬೆಲ್ಟ್ ಹಾಕಿಕೊಳ್ಳುವುದು ಪೊಲೀಸರ ಭಯಕ್ಕಲ್ಲ, ಹೂವಿನ ಭಯಕ್ಕೆ. ರಸ್ತೆ ಪಕ್ಕ ಒಂದು ಎಸಳು ಅಲ್ಲಾಡಿದರೆ ಸಾಕು, ಅವರ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ.

ಬಹರೈನ್‌ನ ಅಸ್ಕರ್ ಎಂಬ ಊರಿನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಅವರು ಎಂಜಿನಿಯರ್. ದಿನವಿಡೀ ಕುದಿಯುವ ಲೋಹ ನೋಡುವ ಮನುಷ್ಯನಿಗೆ ಕಾಡುಹೂವಿನ ಹುಚ್ಚು ಎಲ್ಲಿಂದ ಅಂಟಿತೋ! ಆ ಮರಳುನಾಡಿನಲ್ಲಿ ಈ ಹುಚ್ಚಿಗೆ ಮೇವು ಕಡಿಮೆ. ಒಮ್ಮೆ ಮಳೆ ಬಿದ್ದ ಮೇಲೆ, ಸನದ್ ಬಡಾವಣೆಯ ಅವರ ಮನೆ ಎದುರಿನ ಖಾಲಿ ಜಾಗದಲ್ಲಿ ಏನೋ ಹಳದಿ ಹೂ ಅರಳಿದೆಯೆಂದು ಬೋರಲು ಮಲಗಿಬಿಟ್ಟಿದ್ದರು. ಹೃದಯಾಘಾತವೆಂದು ತಿಳಿದು ಯಾರೋ ಆಂಬುಲೆನ್ಸ್ ಕರೆಸಿದರು. ಬಂದವರಿಗೂ ಭಾವ ಹೂ ತೋರಿಸಿದರಂತೆ. ಅವರು "ಖಲ್ಲಿ ವಲ್ಲಿ", ಅಂದರೆ ಹಾಳಾಗಿ ಹೋಗಲಿ ಬಿಡು, ಎಂದು ಕೈಬೀಸಿ ಹೊರಟುಹೋದರಂತೆ.

ಹೋದ ಮಾರ್ಚ್‌ನಲ್ಲಿ ಭಾವ, ಅಕ್ಕ, ನಾನು ಸೈಪ್ರಸ್‌ಗೆ ಹೋದೆವು. ಸಮುದ್ರತೀರವೆಂದು ಅಕ್ಕ ಹೊಸ ಚಪ್ಪಲಿ ಕೊಂಡಿದ್ದಳು. ಭಾವ ಕೊಂಡದ್ದು ಭೂತಗನ್ನಡಿ. ಜೇನುನೊಣದ ಹಾಗೇ ಕಾಣುವ ಆರ್ಕಿಡ್ ಅಲ್ಲಿ ಅರಳುತ್ತದಂತೆ, ಅದನ್ನು ನೋಡಲೇಬೇಕಂತೆ. ಉಪ್ಪಿನ ಕೆರೆಯಲ್ಲಿ ಫ್ಲೆಮಿಂಗೊಗಳ ಹಿಂಡು ಕಂಡು ನಾವು ಬಾಯಿಬಿಟ್ಟು ನಿಂತಿದ್ದರೆ, ಭಾವ ಅದಕ್ಕೆ ಬೆನ್ನು ಹಾಕಿ ಹುಲ್ಲು ಕೆದಕುತ್ತಿದ್ದರು. ಮರುದಿನ ಗುಡ್ಡದ ಮೇಲೆ ಯಾವುದೋ ನೇರಳೆ ಆರ್ಕಿಡ್ ಸಿಕ್ಕಿತು. ಕ್ಯಾಮೆರಾ ಸರಿಮಾಡುವಷ್ಟರಲ್ಲಿ ಮೇಕೆಯೊಂದು ಬಂದು ತಿಂದು ಮುಗಿಸಿತು. ಭಾವ ಮೇಕೆಯ ಫೋಟೊ ತೆಗೆದರು. ಹೂ ಅದರೊಳಗೇ ಇದೆಯಲ್ಲ ಎಂಬುದು ಅವರ ಸಮಾಧಾನ.

ಕೊನೆಯ ದಿನ ಅಕ್ಕ ಮುಷ್ಕರ ಹೂಡಿದಳು. ಮಂಡಿನೋವು, ಇನ್ನು ಯಾವ ಗುಡ್ಡವನ್ನೂ ಹತ್ತುವುದಿಲ್ಲ ಎಂದು ಕೆಳಗೇ, ಬಾಡಿಗೆ ಕಾರಿನ ಪಕ್ಕ, ಕಲ್ಲಿನ ಮೇಲೆ ಕೂತಳು. ನಾವಿಬ್ಬರೇ ಹತ್ತಿದೆವು. ಒಂದು ಆಲಿವ್ ಮರದ ಬುಡದಲ್ಲಿ ಭಾವ ಗಕ್ಕನೆ ನಿಂತರು. ಗೇಣುದ್ದದ ಕಡ್ಡಿ, ಅದರ ತುದಿಯಲ್ಲಿ ಜೇನುನೊಣ. ನೊಣವಲ್ಲ, ಹೂ!

ಇನ್ನು ಇವರು ಸಂಜೆಯವರೆಗೆ ಏಳುವುದಿಲ್ಲ ಎಂದುಕೊಂಡೆ. ಅವರು ಕ್ಯಾಮೆರಾ ತೆಗೆಯಲೇ ಇಲ್ಲ, ಬಂದ ದಾರಿಯಲ್ಲೇ ಓಡಿದರು. ನಾನೂ ಹಿಂದೆ ಓಡಿದೆ.

ಹೂ ಸಿಕ್ಕಿದೆ, ಬಾ ಎಂದು ಭಾವ ಕರೆದರೆ, ಫೋಟೊ ತೋರಿಸಿದರೆ ಸಾಕು ಎಂದಳು ಅಕ್ಕ. ಭಾವ ಅವಳಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತರು.

"ಹತ್ತು. ನೀನು ನೋಡದೆ ಇದ್ರೆ ನಾನು ನೋಡಿದ ಹಾಗೇ ಆಗಲ್ಲ."

ಅಕ್ಕ ಸುತ್ತಮುತ್ತ ಯಾರಾದರೂ ಇದ್ದಾರೇನೋ ಎಂದು ನೋಡಿದಳು. ಆಮೇಲೆ ಕೆಂಪಾಗಿ, ಅವರ ಕುತ್ತಿಗೆಗೆ ಕೈ ಹಾಕಿದಳು. ಅರವತ್ತಕ್ಕೆ ಹತ್ತಿರವಾದ ಮನುಷ್ಯ ಏದುಸಿರು ಬಿಡುತ್ತಾ, ನಿಂತು ನಿಂತು, ಅವಳನ್ನು ಮರದ ಬುಡದವರೆಗೆ ಹೊತ್ತು ತಂದು ಇಳಿಸಿದರು.

ಅಕ್ಕ ಕನ್ನಡಕ ಏರಿಸಿಕೊಂಡು ನೋಡಿದಳು. ನೋಡುತ್ತಲೇ ಇದ್ದಳು. ಕೊನೆಗೆ ತಲೆಯೆತ್ತದೆ ನನಗೆ ಹೇಳಿದಳು:

"ನೀನು ಹೋಗಿ ಕಾರಲ್ಲಿ ಕೂತಿರೋ. ನಾವು ನಿಧಾನಕ್ಕೆ ಬರ್ತೀವಿ."