ಹಾಕಿ ಲಕೋಟೆಯಲ್ಲಿ ಹೋದ ವರ

ಕುಡಿತದ ಚಟವಿದ್ದವರಿಗೆ ಔಷಧವಿದೆ, ಇಸ್ಪೀಟಿನ ಚಟವಿದ್ದವರಿಗೆ ಪೊಲೀಸರಿದ್ದಾರೆ. ಅಂಚೆ ಲಕೋಟೆ ಕೂಡಿಡುವ ಚಟಕ್ಕೆ ಮಾತ್ರ ದೇವರು ಏನನ್ನೂ ಸೃಷ್ಟಿಸಿಲ್ಲ. ನಾನು ಸೇಡಂನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಹಗಲೆಲ್ಲ ಪುಸ್ತಕದ ಧೂಳು ಕುಡಿದು ಮನೆಗೆ ಬಂದವನು ಚಹಾ ಕುಡಿಯುವ ಮೊದಲು ನನ್ನ ಲಕೋಟೆಗಳನ್ನು ಒಮ್ಮೆ ನೋಡಬೇಕು. ಇವು ಅಂಚೆ ಇಲಾಖೆ ಯಾವುದಾದರೂ ಸಂಭ್ರಮಕ್ಕೆಂದು ಹೊರತರುವ ವಿಶೇಷ ಲಕೋಟೆಗಳು. ಮೇಲೆ ಚೆಂದದ ಚಿತ್ರ, ಬಲಗಡೆ ಅಂಚೆಚೀಟಿ, ಚೀಟಿಯ ಮೇಲೆ ಆ ದಿನದ್ದೇ ಮುದ್ರೆ. ಒಳಗೆ ಕಾಗದ ಇರಬಾರದು, ಮೇಲೆ ವಿಳಾಸ ಬರೆಯಬಾರದು, ಬಾಯಿ ಅಂಟಿಸಬಾರದು. ಇದನ್ನೆಲ್ಲ ಹೆಂಡತಿಗೆ ವಿವರಿಸಿದಾಗ ಅವಳು ಬಹಳ ಹೊತ್ತು ವಿಚಾರ ಮಾಡಿ, "ಒಳಗ ಕಾಗದಿಲ್ಲ, ಮ್ಯಾಲ ವಿಳಾಸಿಲ್ಲ, ಟಪಾಲಿಗೂ ಹಾಕಾಂಗಿಲ್ಲ. ಹಂಗಾದ್ರ ಅದು ಲಕೋಟಿ ಹ್ಯಾಂಗಾಗ್ತದರಿ?" ಎಂದಳು. ಇಂಥ ಪ್ರಶ್ನೆಗೆ ಉತ್ತರ ಕೊಡುವ ವಯಸ್ಸು ನನ್ನದಲ್ಲ ಎಂದು ಚಹಾ ಕೇಳಿದೆ.

ಹೋದ ವರ್ಷ ವಾಡಿಯ ನನ್ನ ರೈಲ್ವೆ ಗೆಳೆಯ ಎಲ್ಲಿಂದಲೋ ಹಾಕಿ ಆಟದ ಇತಿಹಾಸದ ಲಕೋಟೆಯೊಂದನ್ನು ತಂದುಕೊಟ್ಟ. ಎಡಗಡೆ ಹಳೇ ಕಾಲದ ಆಟಗಾರ, ಅರ್ಧ ಚಡ್ಡಿ, ಪೂರ್ಣ ಮೀಸೆ, ಚೆಂಡಿನ ಮೇಲೆ ಬಗ್ಗಿ ನಿಂತಿದ್ದಾನೆ. ಮುದ್ರೆಯಲ್ಲಿ ಎರಡು ಕೋಲು ಒಂದರ ಮೇಲೊಂದು. ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಎಂದು ಯಾವ ಸರ್ಕಾರಿ ಕಾಗದದಲ್ಲೂ ಇಲ್ಲ ಎಂದು ಈಚೆಗೆ ಕೆಲವರು ವಾದಿಸುತ್ತಾರೆ. ವಾದಿಸಲಿ. ನಾನು ಮೂರನೆಯ ತರಗತಿಯಲ್ಲಿ ಹಾಗೆಯೇ ಬರೆದು ಅಂಕ ಪಡೆದಿದ್ದೇನೆ, ಅದನ್ನು ಈಗ ವಾಪಸು ಕೊಡುವುದಿಲ್ಲ. ಲಕೋಟೆಯ ಒಂದು ಮೂಲೆ ತುಸು ಮುದುರಿತ್ತು. ನೆಟ್ಟಗಾಗಲೆಂದು ಎರಡು ಹಾಳೆಯ ನಡುವೆ ಅದನ್ನಿಟ್ಟು, ಮೇಲೊಂದು ಶಹಾಬಾದ್ ಕಲ್ಲಿನ ತುಂಡು ಹೇರಿ, ಕೂಸು ಮಲಗಿಸಿದಷ್ಟು ಜೋಕೆಯಿಂದ ಮೇಜಿನ ಮೇಲೆ ಬಿಟ್ಟು ಕಾಲೇಜಿಗೆ ಹೋದೆ.

ಸಂಜೆ ಬಂದು ನೋಡಿದರೆ ಕಲ್ಲಿತ್ತು, ಲಕೋಟೆ ಇರಲಿಲ್ಲ. ಅವ್ವ ಪಡಸಾಲೆಯಲ್ಲಿ ಕುಳಿತು ನಿಶ್ಚಿಂತೆಯಿಂದ ಬಳ್ಳೊಳ್ಳಿ ಸುಲಿಯುತ್ತಿದ್ದಳು. "ಅದಾ? ಕೋರಾ ಲಕೋಟಿ ಬೇಕಾಗಿತ್ತು. ನಮ್ಮ ಶರಣೂನ ಬಯೋಡಾಟಾ ಹಾಕಿ ಚಿಂಚೋಳಿಗಿ ಕಳಿಸ್ದೆ. ನಿಮ್ಮ ಮಾವ ಮುಂಜಾನಿ ಬಸ್ಸಿಗೇ ಒಯ್ದ" ಎಂದಳು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಗಂಡಿನ ವಿವರ ಹೆಣ್ಣಿನ ಮನೆಗೆ ಮೊದಲ ಸಲ ಹೋಗುವಾಗ ಯಾರ ಹೆಸರೂ ಬರೆಯದ, ಏನನ್ನೂ ಹಾಕಿರದ ಕೋರಾ ಲಕೋಟೆಯಲ್ಲೇ ಹೋಗಬೇಕು. ಬಳಸಿದ ಲಕೋಟೆ ಕಳಿಸಿದರೆ ಹುಡುಗನಿಗೆ ಮೊದಲೇ ಒಂದು ಸಂಬಂಧ ಆಗಿ ಮುರಿದಿದೆ ಎಂದು ತಿಳಿಯುತ್ತಾರಂತೆ. ನಾಲ್ಕೂ ಮೂಲೆಗೆ ಅರಿಶಿಣ ಕುಂಕುಮ ಹಚ್ಚಿ, ಅನ್ನದ ಅಗುಳಿನಿಂದ ಬಾಯಿ ಅಂಟಿಸಬೇಕು. ಇದನ್ನೆಲ್ಲ ಅವ್ವ ಚಾಚೂ ತಪ್ಪದೆ ಮಾಡಿದ್ದಳು. "ವಾಟ್ಸಾಪಿನಾಗ ಕಳಿಸಿದ್ರ ಆಗ್ತಿರಲಿಲ್ಲೇನವ್ವಾ?" ಎಂದು ಕೇಳಿದೆ. "ಫೋನಿನಾಗ ಬಂದ ಗಂಡು ಫೋನಿನಾಗೇ ಹೋಗ್ತದ" ಎಂದಳು.

ಬಯ್ಯುವಂತೆಯೂ ಇರಲಿಲ್ಲ. ಶರಣು ನನ್ನ ತಮ್ಮ. ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಾನೆ. ಅವನ ಕೂದಲು ವಯಸ್ಸಿನಿಂದ ಬೆಳ್ಳಗಾಗಿದೆಯೋ ಸಿಮೆಂಟಿನಿಂದಲೋ ಎಂಬ ಚರ್ಚೆ ಹೆಣ್ಣಿನವರಲ್ಲಿ ಶುರುವಾಗಿ, ಚಿತ್ತಾಪುರದ ಸಂಬಂಧವೊಂದು ಆ ಚರ್ಚೆಯಲ್ಲೇ ಮುಗಿದುಹೋಗಿತ್ತು. ಇದೂ ತಪ್ಪಿದರೆ ಇನ್ನು ಹೆಣ್ಣು ಹುಡುಕುವುದನ್ನೇ ಬಿಡುತ್ತೇನೆಂದು ಅವ್ವ ಹೇಳಿದ್ದಳು. ಹಾಗಾಗಿ ನನಗೆ ತಮ್ಮನ ಮದುವೆಯೂ ಆಗಬೇಕಿತ್ತು, ಲಕೋಟೆಯೂ ಬೇಕಿತ್ತು. ಯಾವುದು ಮೊದಲು ಎಂದು ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಮರುದಿನ ಹುಡುಗಿಯ ತಂದೆ ಬಸಣ್ಣನವರ ಫೋನು. ಬಹಳ ಖುಷಿಯಲ್ಲಿದ್ದರು. "ಸರ್ಕಾರದವ್ರು ಹುಡುಗನ ಫೋಟೋ ಹಾಕಿ ಲಕೋಟಿ ತೆಗದಾರಂದ್ರ ಸಣ್ಣ ಮಾತೇನ್ರಿ? ಬಯೋಡಾಟಾದ ಫೋಟೋದಾಗೂ ಮೀಸಿ ಥೇಟ್ ಅವೇ ನೋಡ್ರಿ. ನಮ್ಮ ಸುಜಾತಾನೂ ಸಾಲ್ಯಾಗ ಆಟದ ಟೀಚರ್ ಇದ್ದಾಳ. ಜೋಡಿ ಭಾಳ ಚಲೋ ಆಗ್ತದ. ನಿಮ್ಮ ತಮ್ಮ ಯಾವ ಜಾಗಾದಾಗ ಆಡ್ತಾರ್ರಿ?" ಇಲ್ಲಿ ನಾನು ಸತ್ಯ ಹೇಳಬಹುದಿತ್ತು. ಹೇಳಿದರೆ ಸಂಬಂಧ ಮುರಿಯಬಹುದು, ಸಿಟ್ಟಿಗೆದ್ದವರು ಲಕೋಟೆಯನ್ನು ಒಲೆಗೂ ಹಾಕಬಹುದು. "ಸ್ವಲ್ಪ ಹಿಂದ ನಿಂತು ಆಡ್ತಾನ್ರಿ" ಎಂದೆ. ಆಮೇಲೆ, "ಆ ಲಕೋಟಿ ಜರಾ ಹುಷಾರಾಗಿ ಇಡ್ರಿ" ಎಂದೂ ಸೇರಿಸಿದೆ. ಆ ಫೋನಿನಲ್ಲಿ ನಾನಾಡಿದ ಪ್ರಾಮಾಣಿಕ ಮಾತು ಅದೊಂದೇ.

ಭಾನುವಾರ ನಾನು, ಹೆಂಡತಿ, ಶರಣು ಚಿಂಚೋಳಿಗೆ ಹೋದೆವು. ಅವ್ವನಿಗೆ ಮೊಣಕಾಲು ನೋವು, ಬರಲಿಲ್ಲ. ನನ್ನ ಲಕೋಟೆ ಅವರ ಮನೆಯ ಗೋಡೆಯ ದೇವರ ಮಾಡದಲ್ಲಿ ದೀಪಕ್ಕೆ ಒರಗಿ ನಿಂತಿತ್ತು. ಅರಿಶಿಣದ ಒಂದು ಬೊಟ್ಟು ಆಟಗಾರನ ಮೊಣಕಾಲಿನ ಮೇಲೇ ಬಿದ್ದು, ಅವನಿಗೂ ಅವ್ವನ ನೋವೇ ಬಂದು ಪಟ್ಟಿ ಹಾಕಿಸಿಕೊಂಡಂತೆ ಕಾಣುತ್ತಿದ್ದ. ಹುಡುಗಿ ನೋಡಲು ಬಂದವನು ನಾನೋ ಶರಣುವೋ ಗೊತ್ತಾಗದ ಹಾಗೆ ನಾನು ದೇವರ ಮಾಡದ ಕಡೆಗೇ ನೋಡುತ್ತಿದ್ದೆ. ಹೆಂಡತಿ ಎರಡು ಸಲ ಚಿವುಟಿದಳು. ಚುರುಮುರಿಯ ಸುಸಲಾ ಬಂತು, ಮಿರ್ಚಿ ಭಜಿ ಬಂತು. ಸುಜಾತಾ ಬಂದು ಕುಳಿತಳು. ನಾವು ಕೇಳುವುದೆಲ್ಲ ಮುಗಿದ ಮೇಲೆ ಬಸಣ್ಣ, "ಈಗ ಹುಡುಗಂದೂ ಜರಾ ನೋಡೂಣ" ಎಂದರು. ಸುಜಾತಾ ಒಳಗೆ ಹೋಗಿ ಶಾಲೆಯ ಎರಡು ಹಾಕಿ ಕೋಲು, ಒಂದು ಚೆಂಡು ತಂದಳು.

ಕಲ್ಲು ಹಾಸಿದ ಅಂಗಳದ ಸುತ್ತ ತೆಲಂಗಾಣ ಗಡಿಯ ಕುಂಚಾವರಂನಿಂದ ಬಂದ ನೆಂಟರು ಸಾಲಾಗಿ ನಿಂತರು. ಶರಣು ನನ್ನನ್ನು ನೋಡಿದ. ನಾನು ಲಕೋಟೆಯನ್ನು ನೋಡಿದೆ. ಪಾಪ, ಅವನು ಅಂಗಿಯ ತೋಳು ಮಡಚಿ, ಕೋಲನ್ನು ಸಲಿಕೆ ಹಿಡಿದಂತೆ ಹಿಡಿದು, ಕಣ್ಣು ಮುಚ್ಚಿ ಬೀಸಿಯೇಬಿಟ್ಟ. ಚೆಂಡು ಇದ್ದಲ್ಲೇ ಇತ್ತು. ಕೋಲು ಮಾಳಿಗೆ ಏರಿತು. ಮೇಲೆ ಒಣಹಾಕಿದ್ದ ಮೆಣಸಿನಕಾಯಿಯಲ್ಲಿ ಅದು ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ನೆಂಟರೆಲ್ಲ ಕತ್ತೆತ್ತಿ ಮಾಳಿಗೆ ನೋಡಿದರು. ಶರಣುವೇ ಬಾಯಿಬಿಟ್ಟ. "ನಂಗ ಹಾಕಿ ಬರಂಗಿಲ್ಲರಿ. ಸಿಮೆಂಟ್ ಚೀಲ ತುಂಬಿಸ್ಲಿಕ್ಕ ಬರ್ತದ. ಆ ಲಕೋಟಿ ನಮ್ಮಣ್ಣಂದು, ಅವ್ವ ಗೊತ್ತಿಲ್ದ ಕಳಿಸ್ಯಾಳ. ಅದರ ಮ್ಯಾಲಿನವ ನಾ ಅಲ್ಲ." ಬಸಣ್ಣ ನಿಧಾನವಾಗಿ ನನ್ನ ಕಡೆ ತಿರುಗಿದರು. "ಹಿಂದ ನಿಂತು ಆಡ್ತಾನ ಅಂದಿದ್ರಲ್ರಿ ನೀವು?" ನನ್ನ ಬಾಯಲ್ಲಿ ಇಡೀ ಮಿರ್ಚಿ ಇತ್ತು. ಸುಜಾತಾ ನಗು ತಡೆದುಕೊಂಡು, "ಅಪ್ಪಾ, ಹಿಂದ ನಿಂತು ಆಡಿದವ್ರು ಇವ್ರೇ" ಎಂದು ನನ್ನನ್ನು ತೋರಿಸಿದಳು. "ಲಕೋಟಿ ಮ್ಯಾಲಿರೋರು ಅಜ್ಜನ ಕಾಲದವ್ರು ಅಂತ ನಂಗ ಅವತ್ತೇ ಗೊತ್ತಿತ್ತು. ಇವರ ಮನ್ಯಾಗ ಖರೇ ಯಾರು ಹೇಳ್ತಾರ ಅಂತ ನೋಡ್ಲಿಕತ್ತಿದ್ದೆ. ಒಬ್ರರೆ ಅದಾರಲ್ಲ, ಸಾಕು. ನಂಗ ಒಪ್ಪಿಗಿ ಅದ." ಅಂಗಳವೆಲ್ಲ ನಕ್ಕಿತು. ಕುಂಚಾವರಂನ ನೆಂಟರು ತೆಲುಗಿನಲ್ಲಿ ಬೇರೆ ಒಮ್ಮೆ ನಕ್ಕರು. ಶರಣುವಿನ ಮುಖ ನೋಡಿ ನನಗೆ ನಿಜವಾಗಿ ಕಣ್ಣು ತುಂಬಿತು. ಮಿರ್ಚಿ ಖಾರವಿತ್ತು ಎಂದು ಹೆಂಡತಿ ಅನ್ನುತ್ತಾಳೆ, ಇರಲಿ.

ಹೊರಡುವಾಗ ಮೆಲ್ಲಗೆ ಲಕೋಟೆ ಕೇಳಿದೆ. ಸುಜಾತಾಳ ತಾಯಿ ಸಂತೋಷದಿಂದ ತಂದುಕೊಟ್ಟರು. ಬಯೋಡಾಟಾ ತೆಗೆದಿಟ್ಟುಕೊಂಡು, ಖಾಲಿ ಲಕೋಟೆ ಬೀಗರ ಮನೆಗೆ ಹೋಗಬಾರದೆಂದು ಅದರ ತುಂಬ ಸಕ್ಕರೆ ಸುರಿದಿದ್ದರು. "ಸೀದಾ ನಿಮ್ಮ ಅವ್ವಾರ ಕೈಯಾಗೇ ಕೊಡ್ರಿ" ಎಂದರು. ಶರಣು ರಾತ್ರಿ ಪಾಳಿಗೆಂದು ಬೇರೆ ದಾರಿ ಹಿಡಿದ. ನಾವು ಸೇಡಂ ಬಸ್ಸು ಹತ್ತಿದೆವು. ಹೆಂಡತಿ ಕಿಟಕಿಗೆ ಒರಗಿ ನಿದ್ದೆ ಹೋದಳು. ನಾನು ಲಕೋಟೆಯನ್ನು ಮಡಿಲಲ್ಲಿ ನೆಟ್ಟಗೆ ಹಿಡಿದು, ಇನ್ನು ಮೇಲೆ ತಮ್ಮನ ಹಾಗೆ ಖರೇನೇ ಮಾತಾಡಬೇಕೆಂದು ನಿರ್ಧರಿಸಿದೆ. ಅಷ್ಟರಲ್ಲಿ ಪಕ್ಕದ ಮುದುಕಿ ಲಕೋಟೆಗೆ ಬೆರಳು ತೋರಿಸಿ, "ಏಂಟಿ ನಾಯನಾ ಅದಿ?" ಎಂದು ತೆಲುಗಿನಲ್ಲಿ ಕೇಳಿದಳು. ಜನ್ಮದಲ್ಲಿ ಮೊದಲ ಸಲ ಯಾರೋ ನನ್ನ ಲಕೋಟೆಯನ್ನು ತಾವಾಗಿ ವಿಚಾರಿಸಿದ್ದರು. ಹಾಕಿಯ ಇತಿಹಾಸ ಹೇಳಬೇಕೆಂದು ಬಾಯಿ ತೆರೆದವನು, "ನಮ್ಮ ತಮ್ಮಂದು ಲಗ್ನ ಗೊತ್ತಾತ್ರಿ" ಎಂದು ಅವಳ ಅಂಗೈಗೆ ಸಕ್ಕರೆ ಸುರಿದೆ. ಹಿಂದಿನವರೂ ಕೈ ಚಾಚಿದರು. ಕಂಡಕ್ಟರು ಎರಡು ಸಲ ಚಾಚಿದ. ಸೇಡಂ ಬರುವಷ್ಟರಲ್ಲಿ ಬಸ್ಸೆಲ್ಲ ಸಿಹಿಯಾಗಿ, ಲಕೋಟೆಯ ತಳದಲ್ಲಿ ನಾಲ್ಕು ಹರಳು ಉಳಿದಿದ್ದವು.

ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಹೆಂಡತಿಯನ್ನು ಮಾತಿಗೆ ಮುಂದೆ ಬಿಟ್ಟು ನಾನು ಹಿತ್ತಲಿನಿಂದ ಅಡುಗೆಮನೆ ಹೊಕ್ಕೆ, ನಮ್ಮದೇ ಡಬ್ಬಿ ತೆಗೆದು ಚಮಚದಿಂದ ಸಕ್ಕರೆ ತುಂಬಿದೆ. ಆಟಗಾರನ ಹೊಟ್ಟೆ ನನ್ನಷ್ಟೇ ಮುಂದೆ ಬರುವವರೆಗೂ ತುಂಬಿದೆ. ಅವ್ವ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. "ಚಿಂಚೋಳಿ ಸಕ್ಕರಿ ನಮ್ಮ ಮನಿ ಸಕ್ಕರಿಕಿಂತ ಭಾಳ ಸೀ ಅದ ನೋಡಪ" ಎಂದಳು.

"ಹೌದವ್ವಾ, ಅಲ್ಲಿ ನೀರೇ ಬ್ಯಾರೆ" ಎಂದೆ.