ಉಳಿಸಿದ ನಲವತ್ತು ನಂಬರು

ನಮ್ಮ ಸಂಘದ ಉಚಿತ ಕಣ್ಣಿನ ತಪಾಸಣೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಒಂದೇ ದಿನ ನಡೆಯಿತು. ಬಂದವರಿಗೆಲ್ಲ ಕಂಪ್ಯೂಟರಿನಿಂದ ನಂಬರು ಕೊಡುವ ಘನಕಾರ್ಯ ನನ್ನದು. ಒಂದೊಂದು ನಂಬರಿಗೂ ಎರಡು ಊರಿನವರು ಶಿರಸಿಯ ನನ್ನ ಕಂಪ್ಯೂಟರನ್ನು ಕೇಳುತ್ತ ಕೂತರೆ ಸಾಲು ಕರಗುವುದು ಯಾವಾಗ? ಹಾಗಾಗಿ ನೂರರ ಕಟ್ಟು ಮಾಡಿ ಮೊದಲೇ ಹಂಚಿದೆ. ಶಿರಸಿಗೆ ನೂರರವರೆಗೆ, ಸಿದ್ದಾಪುರಕ್ಕೆ ಇನ್ನೂರರವರೆಗೆ, ಯಲ್ಲಾಪುರಕ್ಕೆ ಮುನ್ನೂರರವರೆಗೆ. ಕನ್ನಡಕದ ಡಬ್ಬಿಗೂ ಹೆಸರು ಬೇಡ, ನಂಬರು ಸಾಕೆಂದೆ. ಒಂದೇ ಹೆಸರು ಇಬ್ಬರಿಗಿರಬಹುದು, ನಂಬರು ಒಬ್ಬರಿಗೇ!

ಮಧ್ಯಾಹ್ನ ಯಲ್ಲಾಪುರದ ಕಟ್ಟು ಮುಗಿಯಿತು. ಅದೇ ಹೊತ್ತಿಗೆ ಸಿದ್ದಾಪುರದಲ್ಲಿ ಕರೆಂಟು ಹೋಯಿತು. ನನ್ನ ಪರದೆಯಲ್ಲಿ ಅವರ ಲೆಕ್ಕ ನೂರಾ ಅರವತ್ತಕ್ಕೆ ನಿಂತಿತ್ತು. ಉಳಿದ ನಲವತ್ತು ನಂಬರು ವ್ಯರ್ಥವೇ? ನನ್ನ ಜೀವ ಚುರ್ ಎಂದಿತು. ಅವನ್ನೇ ಯಲ್ಲಾಪುರಕ್ಕೆ ಕಳಿಸಿದೆ.

ಊಟದ ಡಬ್ಬಿ ತಂದಿದ್ದ ಹೆಂಡತಿ ಸಾವಿತ್ರಿ ಕೇಳಿದಳು, “ಮುನ್ನೂರರ ಮೇಲಿನ ನಂಬರೆಲ್ಲ ಖಾಲಿ ಆಜ?”

“ಆಜಿಲ್ಲೆ. ಆದ್ರೆ ಹಾಳು ಮಾಡ್ಲಾಗ!” ಎಂದೆ, ಗಂಭೀರವಾಗಿ.

ಸಿದ್ದಾಪುರದಲ್ಲಿ ಕೂತಿದ್ದವಳು ನನ್ನ ನಾದಿನಿ ಸುಧಾ. ಕರೆಂಟು ಹೋದರೇನಂತೆ, ಉಳಿದ ನಲವತ್ತನ್ನೂ ಆಕೆ ನೋಟ್‌ಬುಕ್ಕಿನಲ್ಲಿ ಬರೆದು ಅಚ್ಚುಕಟ್ಟಾಗಿ ಹಂಚಿದ್ದಳು. ನನಗೆ ಗೊತ್ತಾಗಲಿಲ್ಲ. ನಾನು ಕೇಳಲೂ ಇಲ್ಲ!

ವಾರ ಕಳೆದು ಕನ್ನಡಕಗಳು ಬಂದವು. ನಲವತ್ತು ನಂಬರಿಗೆ ಎರಡೆರಡು ಡಬ್ಬಿ! ಯಾವುದು ಯಾರದೆಂದು ತಿಳಿಯುವ ತಾಳ್ಮೆಯಿಲ್ಲದೆ ಊರಿಗೊಂದರಂತೆ ಹಂಚಿಬಿಟ್ಟೆ.

ಮರುದಿನವೇ ಯಲ್ಲಾಪುರದ ದರ್ಜಿಯೊಬ್ಬರ ಫೋನು. “ಸಾರ್, ಸೂಜಿ ಎರಡು ಕಾಣ್ತದೆ. ಎರಡರಲ್ಲೂ ದಾರ ಹೋಗ್ತಿಲ್ಲ!”

ಅಷ್ಟರಲ್ಲಿ ಸಾವಿತ್ರಿ ಸಿದ್ದಾಪುರದ ಕಡೆಯ ತವರುಮನೆ ತ್ಯಾಗಲಿಯಿಂದ ಬಂದ ಸುದ್ದಿ ಹೊತ್ತು ಎದುರು ನಿಂತಳು. “ಹೊಸ ಕನ್ನಡಕ ಹಾಕ್ಯಂಡು ಅಪ್ಪಯ್ಯ ಮೆಟ್ಲಿಲ್ಲದಲ್ಲೆಲ್ಲ ಕಾಲೆತ್ತಿ ಇಡ್ತಾ ಇದ್ನಡ. ಬಿದ್ರೆ ಯಾರು ಗತಿ?”

ಆಗ ನಿಜಕ್ಕೂ ಹೆದರಿದೆ. ಕನ್ನಡಕ ಯಾರೂ ಹಾಕಬೇಡಿ ಎಂದು ಎಂಬತ್ತು ಜನರಿಗೂ ಫೋನು ಮಾಡಿದೆ. ಭಾನುವಾರ ಎಲ್ಲರನ್ನೂ ಶಿರಸಿಗೆ ಕರೆಸಿ, ಸುಧಾಳ ನೋಟ್‌ಬುಕ್ಕು, ಡಾಕ್ಟರ ಚೀಟಿ ಎರಡನ್ನೂ ಹಿಡಿದು ಒಂದೊಂದಾಗಿ ಬದಲಿಸಿದೆ. ದರ್ಜಿಯ ಮೂಗಿನ ಮೇಲಿದ್ದದ್ದು ನಮ್ಮ ಮಾವನದೇ!

ಮಾವ ಅದನ್ನು ಹಾಕಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಈಗ ಅಳಿಯ ಎಂಥವ ಹೇಳಿ ಸ್ವಚ್ಛ ಕಾಣ್ತು.”

ಸಂಘ ನನ್ನನ್ನು ಕೈಬಿಟ್ಟಿಲ್ಲ. ಮುಂದಿನ ಶಿಬಿರದಲ್ಲಿ ಕುರ್ಚಿ ಜೋಡಿಸುವ ಹೊಣೆ ಕೊಟ್ಟಿದ್ದಾರೆ. ಕುರ್ಚಿಗಳಿಗೆ ನಂಬರು ಹಾಕಬಾರದೆಂದು ಬರೆದೂ ಕೊಟ್ಟಿದ್ದಾರೆ!